ಗುಂಪಿಗೆ ಬಹುಮಾನ, ತಡವಾಗಿ ಬರುವ ಹುಡುಗ: ದಕ್ಷಿಣ ಕೊಡಗಿನ ಒಂದು ಐದನೇ ತರಗತಿಯ ಪ್ರಕರಣ ಅಧ್ಯಯನ

ತರಗತಿ ಮತ್ತು ತೊಂದರೆ

ವಿರಾಜಪೇಟೆ–ಪೊನ್ನಂಪೇಟೆ ಭಾಗದ ಕಾಫಿ ತೋಟಗಳ ನಡುವೆ ಇರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಐದನೇ ತರಗತಿಯಲ್ಲಿ ಒಂದು ಶೈಕ್ಷಣಿಕ ವರ್ಷ ನಡೆದ ಪ್ರಯೋಗವನ್ನು ಇಲ್ಲಿ ದಾಖಲಿಸಿದೆ. ಶಾಲೆಯ ಹೆಸರನ್ನಾಗಲಿ ಅಲ್ಲಿನವರ ಹೆಸರುಗಳನ್ನಾಗಲಿ ಬಳಸಿಲ್ಲ. ಗುರುತು ಹಿಡಿಯಲು ಅನುವಾಗುವ ಕೆಲವು ವಿವರಗಳನ್ನು ಬದಲಿಸಿದೆ. ತರಗತಿಯಲ್ಲಿ ಮೂವತ್ತಕ್ಕೆ ತುಸು ಕಡಿಮೆ ಮಕ್ಕಳಿದ್ದರು. ಹೆಚ್ಚಿನವರು ತೋಟದ ಲೈನ್ ಮನೆಗಳಿಂದ (ಕೆಲಸಗಾರರ ಸಾಲುಮನೆಗಳು), ಕೆಲವರು ಹತ್ತಿರದ ಹಾಡಿಯಿಂದ (ಬುಡಕಟ್ಟು ಜನರ ವಸತಿ), ಉಳಿದವರು ಸಣ್ಣ ಬೆಳೆಗಾರರ ಮತ್ತು ಪೇಟೆಯ ಅಂಗಡಿ, ಗ್ಯಾರೇಜುಗಳಲ್ಲಿ ದುಡಿಯುವವರ ಮನೆಗಳಿಂದ ಬರುತ್ತಿದ್ದರು. ಅನುಕೂಲಸ್ಥರು ಮಕ್ಕಳನ್ನು ಗೋಣಿಕೊಪ್ಪ, ವಿರಾಜಪೇಟೆಗಳ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗಳಿಗೆ ಕಳಿಸುವುದರಿಂದ ಇಂಥ ಶಾಲೆಗಳಲ್ಲಿ ಉಳಿಯುವವರು ಬಹುಪಾಲು ಕೂಲಿ ಕುಟುಂಬಗಳ ಮಕ್ಕಳೇ. ಒಂದೇ ಕೊಠಡಿಯಲ್ಲಿ ಎರವ, ಮಲಯಾಳ, ತಮಿಳು, ತುಳು, ಕೊಡವ ತಕ್ಕ್ ಮನೆಮಾತಾಗಿದ್ದ ಮಕ್ಕಳಿದ್ದರು. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದ ಕುಟುಂಬಗಳ ಇಬ್ಬರು ಮಕ್ಕಳಿಗೆ ಕನ್ನಡ ಇನ್ನೂ ಕಿವಿಗೆ ಹೊಸದಾಗಿತ್ತು.

ತರಗತಿ ಶಿಕ್ಷಕಿ ಬಯಲುಸೀಮೆಯ ಕಡೆಯಿಂದ ನೇಮಕವಾಗಿ ಬಂದವರು. ಪಾಠದಲ್ಲಿ ಅನುಭವಿ, ಮಕ್ಕಳ ಬಗ್ಗೆ ಅಕ್ಕರೆಯುಳ್ಳವರು. ಆದರೆ ಜುಲೈ ತಿಂಗಳ ಹೊತ್ತಿಗೆ ಅವರ ಗಂಟಲು ಸೋತಿತ್ತು. ಕೊಡಗಿನ ಮಳೆಗಾಲ ತರಗತಿಯ ಶಿಸ್ತಿಗೆ ತಾನೇ ಒಂದು ಪರೀಕ್ಷೆ. ಕಿಟಕಿ ಮುಚ್ಚಿದ ಕೊಠಡಿ, ಜಗಲಿಯ ಶೀಟಿನ ಮೇಲೆ ಬಿಡದೆ ಬೀಳುವ ಮಳೆಯ ಸದ್ದು, ತಿಂಗಳಾನುಗಟ್ಟಲೆ ಮೈದಾನಕ್ಕೆ ಇಳಿಯಲಾಗದ ಮಕ್ಕಳು: ಇವುಗಳ ನಡುವೆ ಶಿಕ್ಷಕಿ ದನಿ ಏರಿಸಿದಷ್ಟೂ ಮಕ್ಕಳ ದನಿಯೂ ಏರುತ್ತಿತ್ತು. ನಾಲ್ಕೈದು ಸಾಲು ಓದಿಸುವಷ್ಟರಲ್ಲಿ ಯಾರೋ ಎದ್ದು ಹೋಗಿರುತ್ತಿದ್ದರು, ಯಾರದೋ ಪೆನ್ಸಿಲ್ ಕಾಣೆಯಾಗಿರುತ್ತಿತ್ತು, ಒಬ್ಬನ ಮಾತಿನ ಧಾಟಿಯನ್ನು ಇನ್ನೊಬ್ಬ ಅಣಕಿಸಿ ಜಗಳ ಹತ್ತಿರುತ್ತಿತ್ತು. ಬೆತ್ತ ಹಿಡಿಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸುತ್ತದೆ; ಅದೇ ಕಲಂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ ಎಂಬುದನ್ನು ನಮ್ಮಲ್ಲಿ ಹಲವರು ಅನುಕೂಲಕ್ಕೆ ತಕ್ಕಂತೆ ಮರೆಯುತ್ತೇವೆ. ಬಾಗಿಲ ಹೊರಗೆ ನಿಲ್ಲಿಸುವುದು, ಗದ್ದಲ ಮಾಡಿದವರ ಹೆಸರನ್ನು ಲೀಡರ್‌ನಿಂದ ಬೋರ್ಡಿನ ಮೇಲೆ ಬರೆಸುವುದು ಆ ತರಗತಿಯಲ್ಲಿಯೂ ನಡೆದಿತ್ತು. ಬೋರ್ಡಿನ ಮೇಲೆ ಬರುವ ಹೆಸರುಗಳು ಮಾತ್ರ ದಿನವೂ ಅವೇ ಆಗಿದ್ದವು.

ಆಯ್ದುಕೊಂಡ ವಿಧಾನ

ಸಮೂಹ ಸಂಪನ್ಮೂಲ ಕೇಂದ್ರದ ಸಮಾಲೋಚನಾ ಸಭೆಯೊಂದರಲ್ಲಿ ಗುಂಪು ಬಹುಮಾನದ ವಿಚಾರ ಬಂದಾಗ ಶಿಕ್ಷಕಿ ಇದನ್ನು ಮಾಡಿ ನೋಡಲು ಒಪ್ಪಿದರು. ಗಮನಿಸಿ ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಈ ವಿಧಾನದ ಮೂಲ ಹಳೆಯದು. 1969ರಲ್ಲಿ ಬ್ಯಾರಿಷ್, ಸಾಂಡರ್ಸ್ ಮತ್ತು ವುಲ್ಫ್ ಎಂಬ ಸಂಶೋಧಕರು ಅಮೆರಿಕದ ಕಾನ್ಸಾಸ್ ರಾಜ್ಯದ ನಾಲ್ಕನೇ ತರಗತಿಯೊಂದನ್ನು ಎರಡು ತಂಡಗಳಾಗಿ ಮಾಡಿ, ಜಾಗ ಬಿಟ್ಟು ಎದ್ದರೆ ಅಥವಾ ಅನುಮತಿಯಿಲ್ಲದೆ ಮಾತನಾಡಿದರೆ ಆ ತಂಡದ ಹೆಸರಿನ ಕೆಳಗೆ ಒಂದು ಗೆರೆ ಎಳೆಯುವ ಆಟವನ್ನು ರೂಪಿಸಿದರು. ಗೆರೆ ಕಡಿಮೆ ಇದ್ದ ತಂಡ ಗೆಲ್ಲುತ್ತಿತ್ತು, ಎರಡೂ ತಂಡಗಳ ಗೆರೆಗಳು ಮಿತಿಯೊಳಗಿದ್ದರೆ ಎರಡೂ ಗೆಲ್ಲುತ್ತಿದ್ದವು. ಗೆದ್ದವರಿಗೆ ಸಿಗುತ್ತಿದ್ದುದು ಊಟದ ಸಾಲಿನಲ್ಲಿ ಮೊದಲು ನಿಲ್ಲುವುದು, ದಿನದ ಕೊನೆಯಲ್ಲಿ ಬಿಡುವಿನ ಸಮಯ ಮುಂತಾದ ಶಾಲೆಯೊಳಗಿನ ಸವಲತ್ತುಗಳು. ಆಟ ನಡೆದಾಗ ಗದ್ದಲ ಇಳಿಯಿತು, ನಿಲ್ಲಿಸಿದಾಗ ಮತ್ತೆ ಏರಿತು. ಮುಂದೆ 1980ರ ದಶಕದ ಮಧ್ಯಭಾಗದಲ್ಲಿ ಬಾಲ್ಟಿಮೋರ್ ನಗರದ ಒಂದನೇ ತರಗತಿಗಳಲ್ಲಿ ಕೆಲ್ಲಮ್ ಮತ್ತು ಅವರ ಸಂಗಡಿಗರು ಇದನ್ನೇ ದೊಡ್ಡ ಪ್ರಮಾಣದಲ್ಲಿ ನಡೆಸಿ, ಆ ಮಕ್ಕಳು ಯೌವನಕ್ಕೆ ಬರುವವರೆಗೂ ಹಿಂಬಾಲಿಸಿದರು. ಚಿಕ್ಕಂದಿನಲ್ಲಿ ಹೆಚ್ಚು ಹೊಡೆದಾಡುತ್ತಿದ್ದ ಗಂಡುಮಕ್ಕಳಲ್ಲಿ, ಮುಂದೆ ಮಾದಕ ವಸ್ತುಗಳ ಚಟಕ್ಕೆ ಬಿದ್ದವರ ಪ್ರಮಾಣ ಆಟ ಆಡಿದ ತರಗತಿಗಳಲ್ಲಿ ಕಡಿಮೆ ಇತ್ತು.

ಗುಂಪು ಬಹುಮಾನವೆಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಮೂರು ಬಗೆಗಳಿವೆ ಎಂದು 1975ರಲ್ಲಿ ಲಿಟೋ ಮತ್ತು ಪಮ್ರಾಯ್ ಎಂಬ ಸಂಶೋಧಕರು ವಿಂಗಡಿಸಿದ್ದಾರೆ. ಎಲ್ಲರಿಗೂ ಒಂದೇ ನಿಯಮವಿದ್ದು ಗುರಿ ಮುಟ್ಟಿದವರಿಗೆ ಮಾತ್ರ ಬಹುಮಾನ ಸಿಗುವುದು ಮೊದಲನೆಯದು. ನಮ್ಮ ಶಾಲೆಗಳಲ್ಲಿ ಪುಸ್ತಕಕ್ಕೆ ನಕ್ಷತ್ರ ಅಂಟಿಸುವ ರೂಢಿ ಇದೇ ಜಾತಿಯದು. ಒಬ್ಬಿಬ್ಬರ ನಡತೆಯ ಮೇಲೆ ಇಡೀ ಗುಂಪಿನ ಬಹುಮಾನ ನಿಲ್ಲುವುದು ಎರಡನೆಯದು. ಗುಂಪು ಒಟ್ಟಾಗಿ ಗುರಿ ಮುಟ್ಟಿದರೆ ಗುಂಪಿನವರೆಲ್ಲರಿಗೂ ಸಿಗುವುದು ಮೂರನೆಯದು, ಕಾನ್ಸಾಸ್‌ನ ಆಟ ಈ ಸಾಲಿಗೆ ಸೇರುತ್ತದೆ. ಈ ಭೇದ ಪುಸ್ತಕದ ಭೇದವೆಂದು ಮೊದಲಿಗೆ ತೋರುತ್ತದೆ. ಮೂರನೆಯದನ್ನು ಆರಂಭಿಸಿ ತಿಳಿಯದೆಯೇ ಎರಡನೆಯದಕ್ಕೆ ಜಾರುವುದು ಎಷ್ಟು ಸುಲಭ ಎಂಬುದೇ ಈ ಪ್ರಕರಣದ ತಿರುಳಾದ್ದರಿಂದ ಅದನ್ನು ಇಲ್ಲಿ ಹೇಳಬೇಕಾಯಿತು.

ಆರಂಭಕ್ಕೆ ಮುನ್ನ ಕೆಲವು ದಿನ ಏನನ್ನೂ ಬದಲಿಸದೆ, ಬೆಳಗಿನ ಕನ್ನಡ ಮತ್ತು ಗಣಿತದ ಪೀರಿಯಡ್‌ಗಳಲ್ಲಿ ಪಾಠ ನಿಂತ ಪ್ರತಿ ಸಂದರ್ಭಕ್ಕೂ ಒಂದು ಗೆರೆ ಹಾಕಿಕೊಂಡೆವು. 'ತುಂಟತನ', 'ಅವಿಧೇಯತೆ' ಎಂಬಂಥ ಮಾತುಗಳನ್ನು ಬಿಟ್ಟು, ಕಣ್ಣಿಗೆ ಕಾಣುವುದನ್ನು ಮಾತ್ರ ಪಟ್ಟಿ ಮಾಡಿದೆವು: ಕೇಳದೆ ಜಾಗ ಬಿಡುವುದು, ಒಬ್ಬರು ಮಾತನಾಡುವಾಗ ನಡುವೆ ಕೂಗುವುದು, ಇನ್ನೊಬ್ಬರ ವಸ್ತು ಕಿತ್ತುಕೊಳ್ಳುವುದು, ಮಾತನ್ನು ಅಣಕಿಸುವುದು. ಐದನೆಯದಾಗಿ, ಪ್ರಾರ್ಥನೆಯ ನಂತರ ತರಗತಿಗೆ ಬಂದು ಪಾಠ ತಡೆಯುವುದನ್ನು ಮುಖ್ಯ ಶಿಕ್ಷಕರ ಒತ್ತಾಯದ ಮೇರೆಗೆ ಸೇರಿಸಲಾಯಿತು.

ಮಕ್ಕಳನ್ನು ನಾಲ್ಕು ತಂಡಗಳಾಗಿ ಮಾಡಿ ಕಾವೇರಿ, ಹಾರಂಗಿ, ಲಕ್ಷ್ಮಣತೀರ್ಥ, ಬರಪೊಳೆ ಎಂದು ಜಿಲ್ಲೆಯ ಹೊಳೆಗಳ ಹೆಸರಿಡಲಾಯಿತು. ಬೆಂಚಿನ ಸಾಲುಗಳಂತೆ ತಂಡ ಮಾಡಿದ್ದರೆ ಕೆಲಸ ಸುಲಭವಿತ್ತು. ಆದರೆ ಸಾಲುಗಳಲ್ಲಿ ಒಂದೇ ಹಾಡಿಯವರು, ಒಂದೇ ಲೈನಿನವರು ಒಟ್ಟಿಗೆ ಕೂರುತ್ತಿದ್ದರು. ಬಾಲ್ಟಿಮೋರಿನಲ್ಲಿ ತಂಡಗಳನ್ನು ನಡತೆಯ ದೃಷ್ಟಿಯಿಂದ ಸರಿದೂಗಿಸಿದ್ದಂತೆ ಇಲ್ಲಿ ಮನೆಮಾತು, ವಾಸದ ಜಾಗ, ಹೆಣ್ಣು-ಗಂಡು ಇವನ್ನೂ ನೋಡಿ ಬೆರೆಸಿದೆವು. ಬಹುಮಾನವೆಂದರೆ ಶುಕ್ರವಾರ ಕೊನೆಯ ಪೀರಿಯಡ್‌ನಲ್ಲಿ ಹಾಕಿ ಆಟ. ಕೊಡಗಿನ ಮಕ್ಕಳಿಗೆ ಹಾಕಿಯ ಸೆಳೆತ ಎಷ್ಟೆಂದು ವಿವರಿಸಬೇಕಾಗಿಲ್ಲ. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಹಬ್ಬದ ಫೈನಲ್ ಪಂದ್ಯದ ಮಾತು ತೋಟದ ಲೈನುಗಳಲ್ಲಿಯೂ ನಡೆಯುತ್ತದೆ. ಹೆಚ್ಚು ಇಷ್ಟದ ಚಟುವಟಿಕೆಯನ್ನು ಕಡಿಮೆ ಇಷ್ಟದ ಚಟುವಟಿಕೆಗೆ ಬಹುಮಾನವಾಗಿ ಬಳಸಬಹುದೆಂಬ, 1959ರಲ್ಲಿ ಮನೋವಿಜ್ಞಾನಿ ಡೇವಿಡ್ ಪ್ರೆಮ್ಯಾಕ್ ಮುಂದಿಟ್ಟ ತತ್ವಕ್ಕೂ ಇದು ಹೊಂದುತ್ತಿತ್ತು, ಶಿಕ್ಷಕಿಯ ಕೈಯಿಂದ ದುಡ್ಡು ಖರ್ಚಾಗುವಂತೆಯೂ ಇರಲಿಲ್ಲ.

ಮೊದಲ ವಾರಗಳು

ಫಲ ಬೇಗನೆ ಕಂಡಿತು. ಮೊದಲ ವಾರದಲ್ಲಿಯೇ ಗೆರೆಗಳು ಅರ್ಧಕ್ಕಿಂತ ಕೆಳಗಿಳಿದವು. ಶಿಕ್ಷಕಿ ಒಂದು ಪದ್ಯವನ್ನು ನಡುವೆ ನಿಲ್ಲಿಸದೆ ಓದಿ ಮುಗಿಸಿದರು. ಪಕ್ಕದ ತರಗತಿಯ ಶಿಕ್ಷಕರು ಬಾಗಿಲಿಗೆ ಬಂದು, "ಇವತ್ತು ಮಕ್ಕಳು ಬಂದಿಲ್ವಾ?" ಎಂದು ಕೇಳಿ ಹೋದರು.

ಮೊದಲು ಕೈಕೊಟ್ಟಿದ್ದು ಬಹುಮಾನವೇ. ಆಗಸ್ಟ್ ತಿಂಗಳ ಶುಕ್ರವಾರಗಳಲ್ಲಿ ಮೈದಾನ ಕೆಸರಾಗಿರುತ್ತಿತ್ತು, ಒಂದು ಶುಕ್ರವಾರವಂತೂ ಮಳೆಯ ಕಾರಣ ಜಿಲ್ಲಾಡಳಿತ ಶಾಲೆಗಳಿಗೇ ರಜೆ ಘೋಷಿಸಿತು. ಗೆದ್ದ ಮಕ್ಕಳಿಗೆ 'ಮುಂದಿನ ವಾರ' ಎಂದು ಹೇಳಿದ್ದಾಯಿತು. ಆ ಮುಂದಿನ ವಾರವೂ ಮಳೆಯೇ. ದೊಡ್ಡವರಿಗೆ ಇದು ಹವಾಮಾನದ ವಿಷಯ, ಹತ್ತು ವರ್ಷದ ಮಗುವಿಗೆ ಇದು ಮಾತು ತಪ್ಪಿದ ವಿಷಯ, ಗೆರೆಗಳು ಏರಿದ್ದು ಅದಕ್ಕೇ. ಆಮೇಲೆ ಬಹುಮಾನವನ್ನು ಅದೇ ದಿನ, ಕೊಠಡಿಯೊಳಗೇ ಕೊಡಬಹುದಾದ ಸಣ್ಣ ಸಂಗತಿಗಳಿಗೆ ಬದಲಿಸಲಾಯಿತು: ಕೊನೆಯ ಹತ್ತು ನಿಮಿಷ ಕೇರಂ, ಶಿಕ್ಷಕಿಯಿಂದ ದೆವ್ವದ ಕಥೆ, ಬಿಸಿಯೂಟದ ಸಾಲಿನಲ್ಲಿ ಮೊದಲ ಸರದಿ. ಇವುಗಳನ್ನು ಮಕ್ಕಳೇ ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕುತ್ತಿದ್ದರು, ಸಂಜೆ ಒಂದು ಚೀಟಿ ಎತ್ತಲಾಗುತ್ತಿತ್ತು. ಏನು ಸಿಗುತ್ತದೆಂದು ಗೊತ್ತಿಲ್ಲದ ಕುತೂಹಲವೇ ಬಹುಮಾನದ ಅರ್ಧ ಬೆಲೆ ಎಂದು ನನಗೆ ಅಲ್ಲಿ ಅನ್ನಿಸಿತು. ದೆವ್ವದ ಕಥೆ ಹಾಕಿಯನ್ನು ಹಿಂದೆ ಹಾಕಿತು ಎಂಬುದನ್ನು ಹಾಕಿ ಪ್ರಿಯರು ಕ್ಷಮಿಸಬೇಕು.

ಲಕ್ಷ್ಮಣತೀರ್ಥ ತಂಡದ ಹುಡುಗ

ಲಕ್ಷ್ಮಣತೀರ್ಥ ತಂಡ ಮಾತ್ರ ಗೆಲ್ಲುತ್ತಿರಲಿಲ್ಲ. ಅದರಲ್ಲಿದ್ದ ಹುಡುಗನೊಬ್ಬ ವಾರದಲ್ಲಿ ಎರಡು ಮೂರು ದಿನ ತಡವಾಗಿ ಬರುತ್ತಿದ್ದ. ಅವನ ಲೈನಿನಿಂದ ಶಾಲೆಗೆ ಬರುವ ದಾರಿ ಕಾಡಂಚಿನ ತೋಟದೊಳಗಿನದು. ರಾತ್ರಿ ತೋಟಕ್ಕೆ ಇಳಿದ ಆನೆಗಳು ಬೆಳಗ್ಗೆ ದಾಟಿ ಹೋದವೆಂದು ಖಚಿತವಾಗದೆ ಮಕ್ಕಳನ್ನು ಯಾರೂ ಹೊರಗೆ ಬಿಡುತ್ತಿರಲಿಲ್ಲ; ದಕ್ಷಿಣ ಕೊಡಗಿನಲ್ಲಿ ತೋಟದ ಕೆಲಸಗಾರರು ಆನೆ ತುಳಿತಕ್ಕೆ ಬಲಿಯಾಗಿರುವಾಗ ಈ ಎಚ್ಚರ ಅತಿಯಾದುದೇನೂ ಅಲ್ಲ. ಅವನು ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ ತಂಡದವರ ಮುಖ ಬೋರ್ಡಿನ ಕಡೆ ತಿರುಗುತ್ತಿತ್ತು, ಒಂದು ಗೆರೆ ಬೀಳುತ್ತಿತ್ತು. ತನ್ನ ಪಾಲಿನ ಗೆರೆ ಹೇಗೂ ಬಿದ್ದಾಯಿತೆಂಬಂತೆ ಅವನು ಉಳಿದ ಹೊತ್ತಿನಲ್ಲಿಯೂ ಯಾವುದಕ್ಕೂ ಕೇರ್ ಮಾಡುತ್ತಿರಲಿಲ್ಲ: ಎದ್ದು ಓಡಾಡುವುದು, ಮುಂದಿನವರ ಜಡೆ ಎಳೆಯುವುದು ಮೊದಲಿಗಿಂತ ಹೆಚ್ಚಾಯಿತು.

ಶಿಕ್ಷಕಿ ಇದನ್ನು ಹಟವೆಂದು ಓದಿದರು, ಹಾಗೆ ಓದಲು ಕಾರಣವೂ ಇತ್ತು. ಕಾನ್ಸಾಸ್‌ನ ತರಗತಿಯಲ್ಲಿಯೂ ಇಬ್ಬರು ಮಕ್ಕಳು ಆಡುವುದಿಲ್ಲವೆಂದು ನಿಂತು ತಂಡಕ್ಕೆ ಗೆರೆ ತಂದಾಗ, ಅವರನ್ನು ತಂಡದಿಂದ ಬೇರ್ಪಡಿಸಿ ಅವರದೇ ಲೆಕ್ಕ ಇಡಲಾಗಿತ್ತು. ಅದನ್ನೇ ಇಲ್ಲಿಯೂ ಮಾಡಬಹುದಲ್ಲವೇ ಎಂಬ ಪ್ರಶ್ನೆ ಬಂತು. ಅಷ್ಟರಲ್ಲಿ ಹಾಜರಿ ಪುಸ್ತಕ ಬೇರೊಂದು ಸಂಗತಿಯನ್ನು ತೋರಿಸಿತು. ಮೊದಲು ತಡವಾಗಿಯಾದರೂ ಬರುತ್ತಿದ್ದ ಹುಡುಗ ಈಗ ಆ ದಿನಗಳಲ್ಲಿ ಬರುತ್ತಲೇ ಇರಲಿಲ್ಲ. ಬಿಸಿಯೂಟದ ಹೊತ್ತಿನಲ್ಲಿ ವಿಚಾರಿಸಿದಾಗ ಅದೇ ತಂಡದ ಹುಡುಗಿಯೊಬ್ಬಳು ಸ್ವಲ್ಪವೂ ಅಳುಕಿಲ್ಲದೆ ಹೇಳಿದಳು: "ಲೇಟಾದ್ರೆ ಬರ್ಬೇಡ ಅಂತ ನಾವೇ ಹೇಳಿದ್ದು ಟೀಚರ್. ಅವ್ನು ಬರ್ದಿದ್ರೆ ಗೆರೆ ಇಲ್ಲ ಅಲ್ವಾ?"

ಮಕ್ಕಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಿಯಮದ ಪ್ರಕಾರ ಗೈರುಹಾಜರಾದ ಮಗುವಿನಿಂದ ಗೆರೆ ಬೀಳುವುದಿಲ್ಲ, ತಡವಾಗಿ ಬಂದ ಮಗುವಿನಿಂದ ಬೀಳುತ್ತದೆ. ಆದ್ದರಿಂದ ಅವನು ಮನೆಯಲ್ಲಿಯೇ ಉಳಿಯುವುದು ತಂಡಕ್ಕೆ ಲಾಭ. ಹೀಗೆ ಇಡೀ ತಂಡದ ಬಹುಮಾನ ಒಬ್ಬನ ಮೇಲೆ ನಿಂತು, ಮೂರನೆಯ ಬಗೆ ತಿಳಿಯದೆಯೇ ಎರಡನೆಯದಕ್ಕೆ ಜಾರಿತ್ತು. ಗುಂಪು ಬಹುಮಾನದ ಬಲವೆಲ್ಲ ಸಹಪಾಠಿಗಳ ಒತ್ತಡದಲ್ಲಿದೆ. ಆ ಒತ್ತಡ ನೀರಿನಂತೆ, ಇರುವ ಇಳಿಜಾರಿನಲ್ಲಿಯೇ ಹರಿಯುತ್ತದೆ. ಪೇಟೆಯ ಹತ್ತಿರದಿಂದ ಬರುವ ಮಗುವೊಂದು ತಡಮಾಡಿದ್ದರೆ ಆ ಮಾತು ಇಷ್ಟು ಸಲೀಸಾಗಿ ಬರುತ್ತಿತ್ತೆಂದು ನಾನು ನಂಬುವುದಿಲ್ಲ. ಕಾನ್ಸಾಸ್‌ನ ಇಬ್ಬರಿಗೂ ಈ ಹುಡುಗನಿಗೂ ಇದ್ದ ವ್ಯತ್ಯಾಸವೂ ಇಲ್ಲಿ ತಿಳಿಯಾಗುತ್ತದೆ: ಅವರು ತಮ್ಮ ಕೈಯಲ್ಲಿದ್ದ ನಡತೆಯನ್ನು ಬದಲಿಸಲು ಒಪ್ಪದವರು, ಇವನಿಗೆ ಬಿದ್ದ ಗೆರೆ ಅವನ ಕೈಯಲ್ಲಿಲ್ಲದ ಕಾರಣಕ್ಕೆ ಬಿದ್ದದ್ದು. ಅವನನ್ನು ಬೇರೆ ಮಾಡಿ ಒಬ್ಬನ ತಂಡ ಮಾಡಿದ್ದರೆ, ಬೋರ್ಡಿನ ಮೇಲೆ ಹೆಸರು ಬರೆಯಿಸುವ ಹಳೆಯ ಪದ್ಧತಿಗೇ ಇನ್ನೊಂದು ದಾರಿಯಿಂದ ಮರಳಿದಂತಾಗುತ್ತಿತ್ತು.

ಮಾಡಿದ ಬದಲಾವಣೆಗಳು

ತಡವಾಗಿ ಬರುವುದನ್ನು ಮರುದಿನವೇ ಪಟ್ಟಿಯಿಂದ ತೆಗೆಯಲಾಯಿತು. ಮುಖ್ಯ ಶಿಕ್ಷಕರು ಸುಲಭವಾಗಿ ಒಪ್ಪಲಿಲ್ಲ. ಸಮಯಪಾಲನೆಯೂ ಶಿಸ್ತೇ ಎಂಬ ಅವರ ವಾದದಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಆದರೆ ಆ ಮಗು ಎಷ್ಟೇ ಮನಸ್ಸು ಮಾಡಿದರೂ ಈಡೇರಿಸಲಾಗದ ಷರತ್ತಿಗೆ ಉಳಿದ ಮಕ್ಕಳ ಬಹುಮಾನವನ್ನು ಕಟ್ಟಿಹಾಕುವುದು ಒಬ್ಬನ ನೆಪದಲ್ಲಿ ಎಲ್ಲರನ್ನೂ ಶಿಕ್ಷಿಸುವುದೇ ಆಗುತ್ತದೆ, ಮತ್ತು ಅದರ ಸಿಟ್ಟು ಕೊನೆಗೆ ಬೀಳುವುದು ಆ ಒಬ್ಬನ ಮೇಲೆ. ದಾರಿಯ ಸಮಸ್ಯೆಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮುಂದಿಡಲಾಯಿತು. ಆನೆ ಓಡಾಟವಿರುವ ದಿನಗಳಲ್ಲಿ ಆ ಲೈನಿನ ಮಕ್ಕಳನ್ನು ತೋಟದ ಜೀಪಿನಲ್ಲಿ ಕಳಿಸಲು ತೋಟದ ರೈಟರು (ಕೆಲಸದ ಮೇಲ್ವಿಚಾರಕರು) ಒಪ್ಪಿದರು, ಕೆಲವು ದಿನ ಕಳಿಸಿದರು ಕೂಡ.

ಎರಡನೆಯದಾಗಿ ತಂಡಗಳ ನಡುವಿನ ಪೈಪೋಟಿಯನ್ನು ಕೈಬಿಡಲಾಯಿತು. ಮಿತಿಯೊಳಗಿದ್ದ ತಂಡಗಳೆಲ್ಲ ಗೆಲ್ಲುತ್ತಿದ್ದವು, ನಾಲ್ಕೂ ಗೆದ್ದ ದಿನ ಎಲ್ಲರಿಗೂ ಎರಡು ಚೀಟಿ. ಹೀಗಾದ ಮೇಲೆ ಎದುರು ತಂಡದವರನ್ನು ಕೆಣಕಿ ಗೆರೆ ಬೀಳಿಸುವ ಚಾಣಾಕ್ಷತನ ತಾನಾಗಿ ನಿಂತಿತು.

ಮೂರನೆಯ ಬದಲಾವಣೆಗೆ ಕಾರಣ ಅಸ್ಸಾಮಿನ ಇಬ್ಬರು ಮಕ್ಕಳು ಮತ್ತು ಹಾಡಿಯ ಒಬ್ಬ ಹುಡುಗಿ. ಈ ಮೂವರಿಂದ ಒಂದು ಗೆರೆಯೂ ಬಿದ್ದಿರಲಿಲ್ಲ, ತಂಡದವರು ಅವರನ್ನು ಹೊಗಳುತ್ತಿದ್ದರು, ಶಿಕ್ಷಕಿಗೂ ಸಮಾಧಾನವಿತ್ತು. ಗಮನಿಸಿ ನೋಡಿದರೆ ಅವರು ಇಡೀ ಬೆಳಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಗದ್ದಲಕ್ಕೆ ಮಾತ್ರ ಗೆರೆ ಎಳೆಯುವ ಆಟ ಮೌನವನ್ನು ಒಳ್ಳೆಯ ನಡತೆಯೆಂದು ಲೆಕ್ಕ ಹಾಕುತ್ತದೆ; ತರಗತಿಯ ಭಾಷೆ ಬಾರದ ಮಗುವಿಗೆ ಸುಮ್ಮನಿರುವುದು ಹೇಗೂ ಅಭ್ಯಾಸ, ಈಗ ಅದಕ್ಕೆ ಬಹುಮಾನವೂ ಸಿಕ್ಕಂತಾಯಿತು. ಹುಡುಗನ ಪ್ರಕರಣ ಎಲ್ಲರ ಕಣ್ಣಿಗೂ ಬಿತ್ತು, ಇದು ಯಾರ ಕಣ್ಣಿಗೂ ಬೀಳದೆ ಹೋಗಬಹುದಿತ್ತು, ಆ ಕಾರಣಕ್ಕೇ ಇದು ಹೆಚ್ಚು ಗಂಭೀರವಾದದ್ದೆಂದು ನನ್ನ ಎಣಿಕೆ. ಆಮೇಲೆ ಗೆರೆಗಳ ಜೊತೆಗೆ ಚುಕ್ಕಿಗಳೂ ಬಂದವು: ಕೈಯೆತ್ತಿ ಪ್ರಶ್ನೆ ಕೇಳಿದರೆ, ಗೊತ್ತಾಗದವರಿಗೆ ಅವರ ಭಾಷೆಯಲ್ಲಿ ಹೇಳಿಕೊಟ್ಟರೆ, ಇಬ್ಬರು ಸೇರಿ ಲೆಕ್ಕ ಮುಗಿಸಿದರೆ ತಂಡಕ್ಕೆ ಒಂದು ಚುಕ್ಕಿ, ಮೂರು ಚುಕ್ಕಿ ಒಂದು ಗೆರೆಯನ್ನು ಅಳಿಸುತ್ತದೆ. ಚುಕ್ಕಿಗಳು ಬಂದ ವಾರದಲ್ಲಿ ಕೊಠಡಿಯ ಸದ್ದು ಸ್ವಲ್ಪ ಏರಿತು. ಆ ಏರಿಕೆಯನ್ನು ಶಿಕ್ಷಕಿ ಸಹಿಸಿದರು. ಎರವ ಮಾತನಾಡುವ ಮಕ್ಕಳು ತಮ್ಮವರಿಗೆ ಭಿನ್ನರಾಶಿಯನ್ನು ತಮ್ಮ ಮಾತಿನಲ್ಲಿ ವಿವರಿಸಿದಾಗ, ಹಿಂದೆ ಅಣಕಕ್ಕೆ ಗುರಿಯಾಗಿದ್ದ ಭಾಷೆಯೇ ತಂಡಕ್ಕೆ ಚುಕ್ಕಿ ತರತೊಡಗಿತು.

ಒಂದು ಆಕ್ಷೇಪ ಮತ್ತು ಅದಕ್ಕೆ ಕೊಟ್ಟ ಉತ್ತರ

ಪೋಷಕರ ಸಭೆಯಲ್ಲಿ ಒಬ್ಬರು, "ಸುಮ್ಮನೆ ಕೂರೋಕೂ ಮಕ್ಕಳಿಗೆ ಲಂಚ ಕೊಡ್ಬೇಕಾ ಟೀಚರೇ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ನಡೆಸಿದ ಅಧ್ಯಯನದಲ್ಲಿ, ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಿಗೆ ಪ್ರಶಸ್ತಿ ಪತ್ರ ಕೊಡುವುದಾಗಿ ಮುಂಚೆಯೇ ಹೇಳಿ ಬಿಡಿಸಿದಾಗ, ಮುಂದೆ ಅವರು ಬಿಡುವಿನ ವೇಳೆಯಲ್ಲಿ ಚಿತ್ರ ಬಿಡಿಸುವ ಸಮಯ ಉಳಿದ ಮಕ್ಕಳಿಗಿಂತ ಸುಮಾರು ಅರ್ಧಕ್ಕೆ ಇಳಿಯಿತು. ಮುಂಚೆ ಹೇಳದೆ ಪತ್ರ ಕೊಟ್ಟ ಮಕ್ಕಳಲ್ಲಿ ಹೀಗಾಗಲಿಲ್ಲ. ಇದರಿಂದ ಈ ತರಗತಿಗೆ ಒಂದು ನಿಯಮ ದೊರೆಯಿತು: ಮಕ್ಕಳು ತಾವಾಗಿ ಇಷ್ಟಪಟ್ಟು ಮಾಡುವ ಕಥೆ ಪುಸ್ತಕದ ಓದು, ಚಿತ್ರ, ಹಾಡು ಇವುಗಳಿಗೆ ಚುಕ್ಕಿ ಇಲ್ಲ. ಸರದಿ ಕಾಯುವುದು, ಇನ್ನೊಬ್ಬರ ಮಾತು ಮುಗಿಯುವವರೆಗೆ ತಡೆದಿರುವುದು ಮುಂತಾದ, ತಾವಾಗಿ ಯಾರಿಗೂ ರುಚಿಸದ ಅಭ್ಯಾಸಗಳಿಗೆ ಮಾತ್ರ ಬಹುಮಾನ ಮೀಸಲು. ಕೇಳಿದ ಪೋಷಕರಿಗೆ ಇದು ಪೂರ್ತಿ ಒಪ್ಪಿಗೆಯಾಯಿತೆಂದು ಹೇಳಲಾರೆ.

ದಸರಾ ರಜೆಯ ನಂತರ

ದಸರಾ ರಜೆ ಮುಗಿದ ಮೇಲೆ ಆಟವನ್ನು ಕೂಡಲೇ ಆರಂಭಿಸದೆ ಕೆಲವು ದಿನ ಬಿಟ್ಟು ನೋಡಿದೆವು. ಗೆರೆಗಳು ಮತ್ತೆ ಏರಿದವು, ಆದರೆ ಜುಲೈ ತಿಂಗಳ ಮಟ್ಟಕ್ಕೆ ಹೋಗಲಿಲ್ಲ. ರಜೆ ಮುಗಿಸಿ ಬಂದ ಯಾವ ತರಗತಿಯೂ ಮೊದಲ ವಾರ ಗದ್ದಲವಾಗಿಯೇ ಇರುವುದರಿಂದ, ಮತ್ತು ಅಷ್ಟರಲ್ಲಿ ಮಳೆ ನಿಂತು ಮಕ್ಕಳು ಮೈದಾನಕ್ಕೆ ಇಳಿದಿದ್ದರಿಂದ, ಏರಿಕೆಗೂ ಇಳಿಕೆಗೂ ಆಟವೊಂದೇ ಕಾರಣವೆನ್ನಲು ಈ ಪ್ರಕರಣ ಸಾಲದು. ಆಟ ಮರಳಿದ ಮೇಲೆ ಅದನ್ನು ದಿನವೂ ನಡೆಸುವ ಬದಲು ವಾರದಲ್ಲಿ ಕೆಲವೇ ದಿನ, ಯಾವ ದಿನವೆಂದು ಮೊದಲೇ ಹೇಳದೆ ನಡೆಸಲಾಯಿತು. ನವೆಂಬರ್–ಡಿಸೆಂಬರ್‌ನಲ್ಲಿ ಬರುವ ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ಹೊತ್ತಿಗೆ ಬೋರ್ಡಿನ ಮೇಲೆ ತಂಡಗಳ ಹೆಸರು ಬರೆಯುವುದು ವಾರಕ್ಕೊಮ್ಮೆ ಎಂಬಲ್ಲಿಗೆ ಬಂದಿತ್ತು.

ಲಕ್ಷ್ಮಣತೀರ್ಥ ತಂಡದ ಹುಡುಗನ ಹಾಜರಿ ನವೆಂಬರ್ ಹೊತ್ತಿಗೆ ಸುಧಾರಿಸಿತು. ತಡವಾಗಿ ಬರುವುದು ಪೂರ್ತಿ ನಿಲ್ಲಲಿಲ್ಲ. ಎದ್ದು ಓಡಾಡುವುದು ಗಮನಿಸುವಷ್ಟು ಕಡಿಮೆಯಾಯಿತು. ಜನವರಿಯಿಂದ ರೊಬಸ್ಟಾ ಕಾಫಿಯ ಕೊಯ್ಲು ಜೋರಾದಾಗ, ತಾಯಿ-ತಂದೆ ಇಬ್ಬರೂ ಬೆಳಗ್ಗೆಯೇ ಕೆಲಸಕ್ಕೆ ಇಳಿಯುವುದರಿಂದ ಚಿಕ್ಕ ತಂಗಿಯನ್ನು ನೋಡಿಕೊಳ್ಳಲು ಅವನು ಮತ್ತೆ ಮನೆಯಲ್ಲಿ ಉಳಿಯತೊಡಗಿದ. ತಂಗಿಯನ್ನು ಅಂಗನವಾಡಿಗೆ ಸೇರಿಸುವ ಮಾತುಕತೆ ನಡೆಯಿತು, ಫೆಬ್ರವರಿಯಲ್ಲಿ ಅದು ಕೂಡಿ ಬಂತು. ಈ ಭಾಗಕ್ಕೂ ಬಹುಮಾನಕ್ಕೂ ಸಂಬಂಧವಿಲ್ಲ.

ವರ್ಷದ ಕೊನೆಗೆ ಆರನೇ ತರಗತಿಯ ಶಿಕ್ಷಕರಿಗೆ ಒಂದು ಹಾಳೆಯನ್ನು ಹಸ್ತಾಂತರಿಸಲಾಯಿತು. ಎಣಿಸಬೇಕಾದ ನಾಲ್ಕು ನಡತೆಗಳು, ಚುಕ್ಕಿ ಕೊಡುವ ಮೂರು ಸಂದರ್ಭಗಳು, ಎಣಿಸಬಾರದ ಸಂಗತಿಗಳು ಅದರಲ್ಲಿವೆ. ಎಣಿಸಬಾರದವುಗಳಲ್ಲಿ ತಡವಾಗಿ ಬರುವುದು, ಸಮವಸ್ತ್ರ, ಪುಸ್ತಕ ತರದಿರುವುದು ಮೊದಲಾಗಿ ಮನೆಯ ಸ್ಥಿತಿಯನ್ನು ಅವಲಂಬಿಸಿದವೆಲ್ಲ ಬರುತ್ತವೆ. ತಂಡಗಳನ್ನು ಪ್ರತಿ ಅವಧಿಗೂ ಬದಲಿಸಬೇಕು, ಬಹುಮಾನ ಕೊಡುವ ದಿನಗಳಲ್ಲಿ ಹಾಜರಿ ಪುಸ್ತಕವನ್ನು ಮಗುವಾರು ನೋಡಬೇಕು ಎಂದು ಕೆಳಗೆ ಬರೆದಿದೆ. ಆರನೇ ತರಗತಿಯಲ್ಲಿ ವಿಷಯಕ್ಕೊಬ್ಬ ಶಿಕ್ಷಕರು ಬರುವುದರಿಂದ ಎಲ್ಲರೂ ಇದನ್ನು ನಡೆಸುವುದು ಕಷ್ಟ. ಕನ್ನಡ ಮತ್ತು ಸಮಾಜ ವಿಜ್ಞಾನದ ಶಿಕ್ಷಕರು ಒಪ್ಪಿದ್ದಾರೆ, ಗಣಿತದವರು ತಮ್ಮ ಪೀರಿಯಡ್‌ಗೆ ಇದರ ಅಗತ್ಯವಿಲ್ಲವೆಂದಿದ್ದಾರೆ.